ನೊರಜು ಕಚ್ಚಿದರೆ ಏನಾಗುತ್ತದೆ? ಹಾಸನ ಸೀಮೆಯಲ್ಲಿ ಕುರಿ, ದನ ಸಾಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಅರಸೀಕೆರೆ ಕಡೆ. ಕುರಿ ಇವೆ, ನಾಲ್ಕು ಹಸು ಇವೆ. ಅಕ್ಕನನ್ನು ಕೊಟ್ಟಿರುವುದು ಸಕಲೇಶಪುರದ ಆಚೆ, ಕಾಫಿ ತೋಟದ ಮನೆಗೆ. ನಮ್ಮದು ಬಯಲು, ಅವಳದು ಮಲೆನಾಡು. ಆದರೆ ಮಳೆ ಹಿಡಿದ ಮೇಲೆ ಎರಡೂ ಕಡೆ ಒಂದೇ ಹುಳದ ಕಾಟ. ಒಂದು ವರ್ಷ ಹಸ್ತ ಮಳೆ ಮುಗಿಯುವ ಹೊತ್ತಿಗೆ ನಮ್ಮ ನಾಲ್ಕು ಕುರಿ ಸತ್ತವು. ತುಟಿ ಊದಿತ್ತು, ಕುಂಟುತ್ತಿದ್ದವು. ಕಾಲುಬಾಯಿ ಜ್ವರ ಅಂದುಕೊಂಡೆವು. ಔಷಧಿ ಅಂಗಡಿಯಲ್ಲಿ ಕೇಳಿದೆವು, ಅವರೂ ಹಾಗೇ ಅಂದುಕೊಂಡು ಒಂದು ಪುಡಿ ಕೊಟ್ಟರು. ಡಾಕ್ಟರು ಬಂದು ನೋಡಿ ನೀಲಿ ನಾಲಿಗೆ ರೋಗ ಅಂದಾಗ ತಡವಾಗಿತ್ತು. ಅದನ್ನು ತಂದದ್ದು ಸಾಸಿವೆ ಕಾಳಷ್ಟೂ ಇಲ್ಲದ ಒಂದು ಹುಳ ಅಂತ ಅವತ್ತೇ ನನಗೆ ಗೊತ್ತಾಗಿದ್ದು. ಆಮೇಲಿಂದ ಈ ಹುಳದ ಬಗ್ಗೆ ಕೇಳುತ್ತಾ, ಓದುತ್ತಾ, ಕೊಟ್ಟಿಗೆ ಹಿಂದೆ ಕೂತು ನೋಡುತ್ತಾ ಬಂದಿದ್ದೇನೆ. ಅಕ್ಕಪಕ್ಕದವರು ನನ್ನನ್ನು ಕೇಳುವ ಪ್ರಶ್ನೆಗಳು ಇಲ್ಲಿವೆ. ನಾನು ಪಶುವೈದ್ಯನಲ್ಲ. ಔಷಧಿಯ ಮಾತು ಬಂದಲ್ಲಿ ಡಾಕ್ಟರ ಮಾತೇ ಕೊನೆ.

ನೊರಜು ಅಂದರೆ ಯಾವುದು? ಗುಂಗುರು, ನುಸಿ ಎಲ್ಲ ಒಂದೇನಾ?

ಹೆಸರುಗಳು ಊರಿಂದ ಊರಿಗೆ ಬದಲಾಗುತ್ತವೆ. ಒಬ್ಬರ ನೊರಜು ಇನ್ನೊಬ್ಬರಿಗೆ ನುಸಿ. ಆದ್ದರಿಂದ ಹೆಸರು ಬಿಟ್ಟು ಹುಳವನ್ನೇ ನೋಡುವುದು ಒಳ್ಳೆಯದು. ನಾನಿಲ್ಲಿ ಹೇಳುತ್ತಿರುವುದು ಕಚ್ಚುವ ನೊರಜಿನ ಬಗ್ಗೆ. ವಿಜ್ಞಾನಿಗಳು ಇದರ ಮುಖ್ಯ ಬಳಗವನ್ನು ಕುಲಿಕಾಯ್ಡಿಸ್ ಅನ್ನುತ್ತಾರೆ. ಉದ್ದ 1ರಿಂದ 3 ಮಿಲಿಮೀಟರ್ ಅಷ್ಟೇ. ಗೂನು ಬೆನ್ನು, ಕಂದು ಕಪ್ಪು ಮೈ. ಎರಡು ರೆಕ್ಕೆಯ ಮೇಲೂ ಚುಕ್ಕೆ ಚುಕ್ಕೆ ಇರುತ್ತದೆ. ಕೂತಾಗ ರೆಕ್ಕೆಗಳನ್ನು ಕತ್ತರಿಯ ಅಲಗಿನಂತೆ ಒಂದರ ಮೇಲೊಂದು ಮಡಚಿಡುತ್ತದೆ. ಬರಿಗಣ್ಣಿಗೆ ಬೂದಿಯ ಕಣದ ಹಾಗೆ ಕಾಣುತ್ತದೆ.

ಕಣ್ಣ ಮುಂದೆ ಸುತ್ತಿ, ಕಣ್ಣಿನ ಪಸೆಗೆ ಬಂದು ಕೂರುವ ಗುಂಗುರು ಬೇರೆ. ಅದು ಕಚ್ಚುವುದಿಲ್ಲ, ನೆಕ್ಕುತ್ತದೆ. ಕೆರೆ ಏರಿಯ ಮೇಲೆ, ಗೊರೂರು ಯಗಚಿ ಹಿನ್ನೀರಿನ ಊರುಗಳಲ್ಲಿ, ಸಂಜೆ ದೀಪಕ್ಕೆ ರಾಶಿ ರಾಶಿ ಮುತ್ತುವ ಹಸಿರು ಬಣ್ಣದ ತೆಳು ಹುಳ ನೋಡಿದ್ದೀರಲ್ವಾ? ನೋಡಲು ಸೊಳ್ಳೆಯ ಹಾಗೇ ಇದ್ದರೂ ಅದೂ ಕಚ್ಚುವುದಿಲ್ಲ. ಇನ್ನು ಮಲೆನಾಡಿನ ಹಳ್ಳದ ಪಕ್ಕ ಕಚ್ಚಿ ರಕ್ತದ ಚುಕ್ಕೆ ಉಳಿಸಿ ಹೋಗುವ ಗುಂಡು ಕಪ್ಪು ನೊಣ ಇದೆ. ಅದು ಹುಟ್ಟುವುದು ಜೋರಾಗಿ ಹರಿಯುವ ತಿಳಿ ನೀರಿನಲ್ಲಿ. ನೊರಜಿಗೆ ಹರಿಯುವ ನೀರು ಬೇಡ, ಕೆಸರು ಬೇಕು. ಈ ಒಂದು ವ್ಯತ್ಯಾಸವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇಷ್ಟು ಚಿಕ್ಕದು ಕಚ್ಚಿದರೆ ಅಷ್ಟೊಂದು ಉರಿ ಯಾಕೆ?

ಸೊಳ್ಳೆ ಸೂಜಿಯ ಹಾಗೆ ಚುಚ್ಚಿ ರಕ್ತನಾಳ ಹುಡುಕುತ್ತದೆ. ನೊರಜಿನ ಬಾಯಲ್ಲಿರುವುದು ಹಲ್ಲು ಹಲ್ಲಾದ ಪುಟ್ಟ ಗರಗಸ. ಅದು ಚರ್ಮವನ್ನು ಕೊಯ್ದು, ಅಲ್ಲಿ ಒಸರಿ ನಿಂತ ರಕ್ತವನ್ನು ಹೀರುತ್ತದೆ. ರಕ್ತ ಹೆಪ್ಪುಗಟ್ಟದಿರಲಿ ಅಂತ ಜೊಲ್ಲು ಬಿಡುತ್ತದೆ. ಆ ಜೊಲ್ಲಿಗೇ ನಮ್ಮ ಮೈ ಕೆರಳುವುದು. ಕೆಲವರಿಗೆ ಒಂದು ಗಂಟೆಯಲ್ಲಿ ಹೋಗುತ್ತದೆ, ಕೆಲವರಿಗೆ ವಾರವಾದರೂ ಕಡಿತ ನಿಲ್ಲುವುದಿಲ್ಲ. ಕೆರೆದು ಹುಣ್ಣು ಮಾಡಿಕೊಳ್ಳಬೇಡಿ. ತಣ್ಣೀರ ಬಟ್ಟೆ, ಕ್ಯಾಲಮೈನ್ ಲೋಷನ್ ಸಾಕಾಗುತ್ತದೆ. ಮಕ್ಕಳಿಗೆ ಜಾಸ್ತಿ ಊದಿದರೆ ತೋರಿಸಿ.

ಕಚ್ಚುವುದು ಹೆಣ್ಣು ಮಾತ್ರ. ಮೊಟ್ಟೆ ಕಟ್ಟಲು ಅದಕ್ಕೆ ರಕ್ತದ ಸತ್ವ ಬೇಕು. ಗಂಡು ಹೂವಿನ ರಸ ಕುಡಿದು ಬದುಕುತ್ತದೆ. ಇದೇ ಕುಟುಂಬದಲ್ಲಿ ಕಂಬಳಿಹುಳದ ಮೈರಸ ಹೀರುವವು ಇವೆ. ಒಂದು ಜಾತಿಯಂತೂ ರಕ್ತ ಕುಡಿದು ಹೊಟ್ಟೆ ತುಂಬಿದ ಸೊಳ್ಳೆಯ ಮೇಲೆ ಕೂತು, ಅದರ ಹೊಟ್ಟೆಯಿಂದಲೇ ರಕ್ತ ಹೀರುತ್ತದೆ!

ಎಲ್ಲಿ ಹುಟ್ಟುತ್ತದೆ?

ಎಲ್ಲರೂ ಮೊದಲು ಕೇಳಬೇಕಾದ ಪ್ರಶ್ನೆ ಇದು. ಆದರೆ ಯಾರೂ ಕೇಳುವುದಿಲ್ಲ, ಯಾವ ಔಷಧಿ ಹೊಡೆಯಬೇಕು ಅಂತಲೇ ಕೇಳುತ್ತಾರೆ.

ನೊರಜು ಹುಟ್ಟುವುದು ನೀರಿನಲ್ಲೂ ಅಲ್ಲ, ಒಣ ನೆಲದಲ್ಲೂ ಅಲ್ಲ. ಎರಡರ ನಡುವಿನ ಹಸಿ ಅಂಚಿನಲ್ಲಿ. ಕೊಟ್ಟಿಗೆಯ ಗಂಜಲ ಹರಿದು ಹೋಗುವ ಕಾಲುವೆಯ ಪಕ್ಕ, ತಿಪ್ಪೆಯ ಬುಡದಲ್ಲಿ ಒಸರುವ ಕಪ್ಪು ನೀರಿನ ಸುತ್ತ, ನೀರಿನ ತೊಟ್ಟಿ ತುಂಬಿ ಚೆಲ್ಲಿ ದನ ತುಳಿದ ಕೆಸರಿನಲ್ಲಿ. ಹಸಿ ಸಗಣಿಯಲ್ಲೇ ಮೊಟ್ಟೆ ಇಡುವ ಜಾತಿಗಳಿವೆ. ಭತ್ತದ ಗದ್ದೆಯ ಕೆಸರು, ಕೆರೆ ಅಂಗಳದ ಹಸಿ ಮಣ್ಣು, ಕೊಳೆತ ಬಾಳೆ ದಿಂಡು, ಮರದ ಪೊಟರೆಯಲ್ಲಿ ಕೊಳೆತ ಎಲೆ, ಇವೂ ಆಗುತ್ತವೆ. ಅಕ್ಕನ ಮನೆಯಲ್ಲಿ ಕಾಫಿ ತೋಟದ ನಡುವೆ ಬಾಳೆ ಕಡಿದು ದಿಂಡನ್ನು ಅಲ್ಲೇ ಬಿಡುತ್ತಿದ್ದರು. ಮಳೆಗಾಲದಲ್ಲಿ ಅಂಥ ಒಂದು ದಿಂಡನ್ನು ಸೀಳಿದರೆ ಒಳಗೆ ಒಂದು ಲೋಕವೇ ಇರುತ್ತದೆ.

ಮೊಟ್ಟೆ ಒಡೆದು ಬರುವ ಮರಿ ದಾರದ ತುಂಡಿನಂಥ ಬಿಳಿ ಹುಳ. ಕೆಸರಿನ ಮೇಲಿನ ಒಂದೆರಡು ಇಂಚಿನಲ್ಲೇ ಇರುತ್ತದೆ. ನೀರಿಗೆ ಹಾಕಿದರೆ ಹಾವಿನ ಹಾಗೆ ಬಳುಕುತ್ತಾ ಈಜುತ್ತದೆ. ನಾಲ್ಕು ಹಂತ ಬೆಳೆದು ಗೂಡು ಕಟ್ಟಿಕೊಂಡಂತೆ ಕೋಶವಾಗಿ, ಆಮೇಲೆ ರೆಕ್ಕೆ ಬಂದು ಹಾರುತ್ತದೆ. ಬೆಚ್ಚಗಿನ ಹವೆಯಲ್ಲಿ ಇಷ್ಟಕ್ಕೂ ಕೆಲವೇ ವಾರ ಸಾಕು. ಅದರ ದೊಡ್ಡ ದೌರ್ಬಲ್ಯ ಏನೆಂದರೆ, ಮೊಟ್ಟೆಯಾಗಲಿ ಮರಿಯಾಗಲಿ ಒಣಗುವುದನ್ನು ತಡೆಯಲಾರವು. ನೆಲ ಒಣಗಿದರೆ ಮುಗಿಯಿತು.

ನಮ್ಮ ಕೊಟ್ಟಿಗೆಯ ಹಿಂದೆ ಒಂದು ಮಂಚದಷ್ಟು ಜಾಗ ವರ್ಷಪೂರ್ತಿ ಹಸಿಯಾಗಿರುತ್ತಿತ್ತು. ಯಾರೂ ಅದನ್ನು ಜಾಗ ಅಂತಲೇ ಎಣಿಸಿರಲಿಲ್ಲ. ನಾವು ಕೆರೆ ಕಡೆ ಕೈ ತೋರಿಸುತ್ತಿದ್ದೆವು. ಕಾಟ ಹುಟ್ಟುತ್ತಿದ್ದದ್ದು ನಮ್ಮ ಬೆನ್ನ ಹಿಂದೆ.

ಸೊಳ್ಳೆಗೆ ಮಾಡುವುದೆಲ್ಲ ಮಾಡಿದ್ದೇವೆ. ಆದರೂ ಯಾಕೆ ಕಮ್ಮಿ ಆಗಿಲ್ಲ?

ಸೊಳ್ಳೆಯ ಲೆಕ್ಕ ಇದಕ್ಕೆ ಹೊಂದುವುದಿಲ್ಲ, ಅದಕ್ಕೇ. ಡೆಂಗ್ಯೂ ಬರದಿರಲಿ ಅಂತ ಡ್ರಮ್ಮು, ಟಯರು, ತೆಂಗಿನ ಚಿಪ್ಪಿನ ನೀರು ಚೆಲ್ಲುತ್ತೇವೆ. ಅದನ್ನು ಮಾಡಲೇಬೇಕು, ಆದರೆ ನೊರಜು ಅಲ್ಲಿ ಇರುವುದೇ ಇಲ್ಲ. ಎಷ್ಟೋ ಸಲ ಡ್ರಮ್ಮಿನ ನೀರನ್ನು ಕೊಟ್ಟಿಗೆ ಮಗ್ಗುಲಿಗೆ ಚೆಲ್ಲಿ ಇನ್ನೊಂದು ಕೆಸರು ಮಾಡಿರುತ್ತೇವೆ. ಕೆರೆಗೆ ಗಪ್ಪಿ ಮೀನು ಬಿಡುತ್ತೇವೆ. ಮೀನು ಕೆಸರಿನೊಳಗೆ ಹೋಗಿ ಮರಿಯನ್ನು ತಿನ್ನಲಾರದು. ಸೊಳ್ಳೆ ಪರದೆ ಕಟ್ಟಿದರೆ ಅದರ ಕಣ್ಣಿನ ಮೂಲಕ ನೊರಜು ನುಗ್ಗಿ ಬರುತ್ತದೆ.

ನೀಲಿ ನಾಲಿಗೆ ರೋಗ ಅಂದರೇನು? ನೊರಜಿಗೂ ಅದಕ್ಕೂ ಏನು ಸಂಬಂಧ?

ಅದೊಂದು ವೈರಸ್ ರೋಗ. ಕುರಿಗೆ ಜೋರಾಗಿ ಬರುತ್ತದೆ. ವೈರಸ್ ಇರುವ ಪ್ರಾಣಿಯನ್ನು ನೊರಜು ಕಚ್ಚಿದಾಗ ರಕ್ತದ ಜೊತೆ ವೈರಸ್ಸೂ ಅದರ ಹೊಟ್ಟೆ ಸೇರುತ್ತದೆ. ಅಲ್ಲಿ ಬೆಳೆದು, ಒಂದೆರಡು ವಾರದಲ್ಲಿ ಜೊಲ್ಲಿನ ಗ್ರಂಥಿಗೆ ಬರುತ್ತದೆ. ಆಮೇಲೆ ಆ ನೊರಜು ಬದುಕಿರುವಷ್ಟು ದಿನವೂ, ಕಚ್ಚಿದ ಕುರಿಗೆಲ್ಲ ರೋಗ ಅಂಟಿಸಬಲ್ಲದು. ನೊರಜೇ ಇದನ್ನು ಹರಡುತ್ತದೆ ಅಂತ ದಕ್ಷಿಣ ಆಫ್ರಿಕಾದಲ್ಲಿ ಡು ಟಾಯ್ಟ್ ಎಂಬ ವಿಜ್ಞಾನಿ 1944ರಲ್ಲಿ ತೋರಿಸಿಕೊಟ್ಟರು. ನಮ್ಮ ದೇಶದಲ್ಲಿ ಈ ರೋಗ ಮೊದಲು ದಾಖಲಾದದ್ದು 1964ರಲ್ಲಿ, ಮಹಾರಾಷ್ಟ್ರದಲ್ಲಿ. ಈಗ ಕರ್ನಾಟಕ, ಆಂಧ್ರ, ತೆಲಂಗಾಣ, ತಮಿಳುನಾಡಿನ ಕುರಿಗಾರರಿಗೆ ಇದು ಹೊಸದಲ್ಲ.

ಕಚ್ಚಿಸಿಕೊಂಡ ಒಂದು ವಾರದ ಆಸುಪಾಸಿನಲ್ಲಿ ಜ್ವರ ಏರುತ್ತದೆ. 105, 106 ಡಿಗ್ರಿ ಫ್ಯಾರನ್‌ಹೀಟ್‌ವರೆಗೂ ಹೋಗುತ್ತದೆ. ಮೂಗು ಸೋರುತ್ತದೆ, ಸುರಿದದ್ದು ಗಟ್ಟಿಯಾಗಿ ಮೂಗಿನ ಹೊಳ್ಳೆ ಕಟ್ಟುತ್ತದೆ. ತುಟಿ, ಮುಖ, ಕೆಲವಕ್ಕೆ ಕಿವಿ ಕೂಡ ಊದುತ್ತದೆ. ಬಾಯೊಳಗೆ ಹುಣ್ಣು, ಜೊಲ್ಲು. ಗೊರಸು ಚರ್ಮಕ್ಕೆ ಸೇರುವ ಜಾಗ ಕೆಂಪಾಗಿ ನೋಯುತ್ತದೆ, ಅದಕ್ಕೇ ಕುಂಟುವುದು. ಮಂಡಿಯೂರಿ ನಡೆಯುವ ಕುರಿಯನ್ನು ನಾನು ನೋಡಿದ್ದೇನೆ, ಅದು ಮರೆಯುವಂಥದ್ದಲ್ಲ. ನಾಲಿಗೆ ನೀಲಿಯಾಗುವುದು ಕೆಲವಕ್ಕೆ ಮಾತ್ರ. ನೀಲಿ ಆಗಿಲ್ಲ, ಹಾಗಾದರೆ ಆ ರೋಗ ಅಲ್ಲ ಅಂತ ಸುಮ್ನೆ ಕೂರಬೇಡಿ. ಗಬ್ಬದ ಕುರಿ ಕಂದು ಹಾಕುವುದೂ ಉಂಟು.

ಮಳೆಗಾಲದ ಕೊನೆಯಲ್ಲಿ, ಅಂದರೆ ಹಸ್ತ, ಚಿತ್ತೆ, ಸ್ವಾತಿ ಮಳೆಯ ದಿನಗಳಲ್ಲಿ ಹಾವಳಿ ಜಾಸ್ತಿ. ಮಳೆಗೆ ಕೆಸರು ಕೂಡಿರುತ್ತದೆ, ನಡುನಡುವೆ ಬಿಸಿಲು ಬಂದು ಹವೆ ಬೆಚ್ಚಗಿರುತ್ತದೆ, ನೊರಜು ಸಾವಿರಗಟ್ಟಲೆ ಏಳುತ್ತದೆ. ಯೂರೋಪಿನಲ್ಲಿ 2006ರಲ್ಲಿ ಈ ರೋಗ ಹಬ್ಬಿದಾಗ, ಚಳಿಗಾಲ ಬಂದರೆ ಅದಕ್ಕೊಂದು ತಡೆ ಬೀಳುತ್ತಿತ್ತು. ತುಂಬಾ ಚಳಿಯಲ್ಲಿ ವೈರಸ್ ನೊರಜಿನೊಳಗೆ ಬೆಳೆಯುವುದಿಲ್ಲ. ನಮ್ಮ ಹಾಸನದ ಚಳಿ ಅಷ್ಟಕ್ಕೆಲ್ಲ ಸಾಲದು.

ಕಾಲುಬಾಯಿಯೋ, ನೀಲಿ ನಾಲಿಗೆಯೋ? ನೋಡಿದ ಕೂಡಲೇ ಹೇಗೆ ತಿಳಿಯುವುದು?

ಖಚಿತವಾಗಿ ತಿಳಿಯುವುದು ರಕ್ತ ಪರೀಕ್ಷೆಯಿಂದ. ಆದರೆ ಒಂದು ಗುರುತು ನಮಗೆ ಆವತ್ತು ಗೊತ್ತಿದ್ದರೆ ಚೆನ್ನಾಗಿತ್ತು. ಕಾಲುಬಾಯಿ ಬಂದರೆ ಪಕ್ಕದ ದನವೂ ಜೊಲ್ಲು ಸುರಿಸಿ ಮೇವು ಬಿಡುತ್ತದೆ. ನೀಲಿ ನಾಲಿಗೆಯಲ್ಲಿ ಕುರಿ ಮುಖ ಊದಿ ಬಿದ್ದಿರುತ್ತದೆ, ಪಕ್ಕದಲ್ಲೇ ಕಟ್ಟಿದ ಹಸು ಹಾಯಾಗಿ ಮೆಲುಕು ಹಾಕುತ್ತಿರುತ್ತದೆ. ಕುರಿ ಮೇಕೆ ಎರಡೂ ಒಟ್ಟಿಗೆ ಬಿದ್ದು, ಬೇದಿಯಾಗಿ, ಉಸಿರು ಕಟ್ಟಿದಂತಾದರೆ ಹಿರೇಬೇನೆಯ ಅನುಮಾನ ಪಡಬೇಕು. ಇವೆಲ್ಲ ಅನುಮಾನಕ್ಕೆ ದಾರಿ ಅಷ್ಟೇ, ತೀರ್ಪು ಅಲ್ಲ.

ರೋಗ ಬಂದ ಕುರಿಯನ್ನು ಹೇಗೆ ನೋಡಿಕೊಳ್ಳಬೇಕು?

ವೈರಸ್ಸನ್ನು ಕೊಲ್ಲುವ ಔಷಧಿ ಇಲ್ಲ. ಆರೈಕೆಯೇ ಅರ್ಧ ಜೀವ ಉಳಿಸುತ್ತದೆ. ನೆರಳಲ್ಲಿ ಕಟ್ಟಿ, ಬಿಸಿಲು ಬಿದ್ದಷ್ಟೂ ನೋವು ಹೆಚ್ಚುತ್ತದೆ. ಮಂದೆಯ ಜೊತೆ ನಡೆಸಬೇಡಿ. ಬಾಯಿ ಹುಣ್ಣಾಗಿರುವುದರಿಂದ ಒಣ ಹುಲ್ಲು ಅಗಿಯಲು ಆಗುವುದಿಲ್ಲ. ತೆಳು ರಾಗಿ ಗಂಜಿ, ಎಳೆ ಸೊಪ್ಪು ಕೊಡಿ. ಉಪ್ಪು ನೀರಿನಲ್ಲಿ ಅಥವಾ ತೀರಾ ತೆಳುವಾಗಿ ಕಲಸಿದ ಪೊಟ್ಯಾಷಿಯಂ ಪರ್ಮಾಂಗನೇಟ್ ನೀರಿನಲ್ಲಿ ಬಾಯಿ ತೊಳೆಯಿರಿ. ಹುಣ್ಣಿಗೆ ಬೇರೆ ಸೋಂಕು ಸೇರದಿರಲು, ಜ್ವರ ಇಳಿಯಲು ಏನು ಕೊಡಬೇಕೆಂದು ಡಾಕ್ಟರು ಹೇಳುತ್ತಾರೆ. ಅಂಗಡಿಯಲ್ಲಿ ಕೇಳಿ ತರಬೇಡಿ.

ಕುರಿಯಿಂದ ಕುರಿಗೆ ಅಂಟುತ್ತದೆಯಾ? ನಮಗೆ?

ಮುಟ್ಟಿದರೆ, ಒಂದೇ ತೊಟ್ಟಿಯ ನೀರು ಕುಡಿದರೆ ಅಂಟುವುದಿಲ್ಲ. ಮಧ್ಯೆ ನೊರಜು ಬೇಕು. ಮನುಷ್ಯರಿಗೆ ಈ ರೋಗ ಬರುವುದಿಲ್ಲ.

ಹಾಗಾದರೆ ಕುರಿಯ ಪಕ್ಕ ದನ ಕಟ್ಟಿದರೆ ತೊಂದರೆ ಇಲ್ಲವಲ್ಲ?

ಇದೆ. ದನ, ಎಮ್ಮೆ, ಮೇಕೆಯ ಮೈಯಲ್ಲೂ ಈ ವೈರಸ್ ಇರಬಲ್ಲದು. ಹೆಚ್ಚಾಗಿ ಹೊರಗೆ ಏನೂ ಕಾಣಿಸುವುದಿಲ್ಲ. ಹಸುವಿನ ರಕ್ತದಲ್ಲಿ ಅದು ವಾರಗಟ್ಟಲೆ, ಕೆಲವೊಮ್ಮೆ ಎರಡು ತಿಂಗಳವರೆಗೂ ಉಳಿಯುತ್ತದೆ. ಹಸು ಆರೋಗ್ಯವಾಗಿದೆ ಅಂತ ನಾವು ನೆಮ್ಮದಿಯಾಗಿರುತ್ತೇವೆ, ನೊರಜು ಅಲ್ಲಿಂದ ಹೀರಿ ಕುರಿಗೆ ತರುತ್ತದೆ. ನಮ್ಮಲ್ಲಿ ಇದನ್ನು ಹರಡುವ ಜಾತಿಗಳಲ್ಲಿ ಕುಲಿಕಾಯ್ಡಿಸ್ ಇಮಿಕೋಲಾ, ಆಕ್ಸಿಸ್ಟೋಮಾ, ಪೆರೆಗ್ರಿನಸ್ ಮುಖ್ಯ. ಇವೆಲ್ಲ ದನದ ಸಹವಾಸ ಇಷ್ಟಪಡುವಂಥವು. ಜಾಗ ಇದ್ದರೆ ಕುರಿ ರೊಪ್ಪವನ್ನು ಕೊಟ್ಟಿಗೆಯಿಂದ, ತಿಪ್ಪೆಯಿಂದ ದೂರ, ಗಾಳಿಯಾಡುವ ದಿಣ್ಣೆಯ ಮೇಲೆ ಮಾಡಿ.

ಮಂದೆ ಕಟ್ಟಿಕೊಂಡು ಊರೂರು ಹೋಗುವವರಿಗೆ ಒಂದು ಮಾತು. ಗೊಬ್ಬರಕ್ಕೆ ಅಂತ ಹೊಲದಲ್ಲಿ ಕುರಿ ತರುಬುವಾಗ, ಕೊಯ್ಲಾದ ಭತ್ತದ ಗದ್ದೆ ಇನ್ನೂ ಕೆಸರಾಗಿದ್ದರೆ ರಾತ್ರಿ ಅಲ್ಲಿ ಬೇಡ. ಹಗಲು ಮೇಯಿಸಿ, ಸಂಜೆಗೆ ಒಣ ಹೊಲಕ್ಕೆ ಹೊಡೆದುಕೊಂಡು ಬನ್ನಿ. ಹೊಲದವರು ಗೊಣಗಬಹುದು. ಗೊಣಗಲಿ.

ಲಸಿಕೆ ಇದೆಯಾ?

ಇದೆ. ಈ ವೈರಸ್ಸಿನಲ್ಲಿ 24ಕ್ಕೂ ಹೆಚ್ಚು ಬಗೆಗಳಿವೆ, ಒಂದಕ್ಕೆ ಹಾಕಿದ ಲಸಿಕೆ ಇನ್ನೊಂದನ್ನು ಸರಿಯಾಗಿ ತಡೆಯುವುದಿಲ್ಲ. ಅದಕ್ಕೆ ನಮ್ಮ ದೇಶದಲ್ಲಿ 1, 2, 10, 16, 23 ಎಂಬ ಐದು ಬಗೆಗಳನ್ನು ಸೇರಿಸಿ ಒಂದೇ ಲಸಿಕೆ ಮಾಡಿದ್ದಾರೆ. ಸತ್ತ ವೈರಸ್ಸಿನಿಂದ ಮಾಡಿದ್ದು. ಲಸಿಕೆ ಹಾಕಿದ ದಿನವೇ ರಕ್ಷಣೆ ಬರುವುದಿಲ್ಲ, ಮೈ ಸಿದ್ಧವಾಗಲು ವಾರಗಳು ಬೇಕು. ಆದ್ದರಿಂದ ಮುಂಗಾರು ಬಲಿಯುವ ಮೊದಲೇ ಪಶು ಆಸ್ಪತ್ರೆಯಲ್ಲಿ ಕೇಳಿ. ಪಕ್ಕದ ಊರಿನಲ್ಲಿ ಕುರಿ ಬಿದ್ದ ಮೇಲೆ ಓಡುವುದರಲ್ಲಿ ಅರ್ಥವಿಲ್ಲ, ನಾವು ಹಾಗೇ ಓಡಿದ್ದೆವು.

ಹಸುವಿಗೆ ಬರುವ ಮೂರು ದಿನದ ಜ್ವರವೂ ಇದರಿಂದಲೇ?

ಅದು ಬೇರೆ ವೈರಸ್. ನೊರಜು, ಸೊಳ್ಳೆ ಎರಡೂ ಅದನ್ನು ಹರಡುತ್ತವೆ. ನಿನ್ನೆ ಸಂಜೆ ಹಾಲು ಕೊಟ್ಟ ಹಸು ಬೆಳಿಗ್ಗೆ ಏಳಲಾರದೆ ಮಲಗಿರುತ್ತದೆ. ಮೈ ಸುಡುತ್ತದೆ, ನಡುಗುತ್ತದೆ, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಕುಂಟು ಬದಲಾಗುತ್ತದೆ. ಮೆಲುಕು ನಿಲ್ಲುತ್ತದೆ, ಹಾಲು ಕುಸಿಯುತ್ತದೆ. ಹೆಚ್ಚಿನವು ಮೂರು ದಿನದಲ್ಲಿ ಎದ್ದು ನಿಲ್ಲುತ್ತವೆ. ಚೆನ್ನಾಗಿ ಹಾಲು ಕೊಡುವ, ಮೈ ತುಂಬಿದ ಹಸುಗಳಿಗೇ ಜಾಸ್ತಿ ಹಿಂಸೆ.

ಇಲ್ಲಿ ಒಂದು ತಪ್ಪನ್ನು ದಯವಿಟ್ಟು ಮಾಡಬೇಡಿ. ಜ್ವರದಲ್ಲಿ ಹಸುವಿಗೆ ನುಂಗುವ ಶಕ್ತಿ ಕುಗ್ಗಿರುತ್ತದೆ. ಹಳೆಯ ರೂಢಿಯಂತೆ ಗೊಟ್ಟದಲ್ಲಿ ಕಷಾಯ, ಎಣ್ಣೆ ಸುರಿದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಮೂರು ದಿನದಲ್ಲಿ ಏಳಬೇಕಾದ ಹಸು ಅದರಿಂದಲೇ ಸಾಯಬಹುದು. ಮೆತ್ತಗೆ ಹುಲ್ಲು ಹಾಸಿ, ನೆರಳು ಕೊಟ್ಟು, ಆಗಾಗ ಮಗ್ಗುಲು ಬದಲಾಯಿಸಿ. ಉಳಿದದ್ದು ಡಾಕ್ಟರ ಇಂಜೆಕ್ಷನ್.

ಕೋಳಿಗೆ, ಕುದುರೆಗೆ?

ಭತ್ತದ ಗದ್ದೆಯಲ್ಲಿ ಹುಟ್ಟುವ ಒಂದು ಜಾತಿಯ ನೊರಜು ಏಷ್ಯಾದ ಹಲವು ಕಡೆ ಕೋಳಿಗೆ ರಕ್ತದ ಪರಾವಲಂಬಿಯನ್ನು ಅಂಟಿಸುತ್ತದೆ. ಜುಟ್ಟು ಬಿಳಿಚಿಕೊಳ್ಳುತ್ತದೆ, ಹಸಿರು ಹಿಕ್ಕೆ ಹಾಕುತ್ತದೆ, ಮೊಟ್ಟೆ ಕಮ್ಮಿಯಾಗುತ್ತದೆ. ದನದ ಎದೆಯ ಭಾಗದಲ್ಲಿ ಗಂಟು ಕಟ್ಟುವ ಒಂದು ದಾರಹುಳವನ್ನೂ ನೊರಜು ಸಾಗಿಸುತ್ತದೆ. ಕುದುರೆಯನ್ನು ಕೊಲ್ಲುವ ಆಫ್ರಿಕನ್ ಕುದುರೆ ರೋಗ 1960ರಲ್ಲಿ ನಮ್ಮ ದೇಶಕ್ಕೂ ಬಂದಿತ್ತು, ಅದನ್ನು ಹರಡುವುದೂ ಇದೇ ಬಳಗ.

ಮನುಷ್ಯರಿಗೆ ಯಾವ ರೋಗ ತರುತ್ತದೆ? ಮಂಗನ ಕಾಯಿಲೆ ಬರುತ್ತದೆಯಾ?

ಇಲ್ಲ. ಮಂಗನ ಕಾಯಿಲೆ ಹರಡುವುದು ಕಾಡಿನ ಉಣ್ಣೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಕಾಯಿಲೆ ಅದು. ಚಿಕ್ಕಮಗಳೂರಿನ ತೋಟಗಳಲ್ಲಿ ಕೆಲಸ ಮಾಡುವವರು ಉಣ್ಣೆಗೆ ಹೆದರಬೇಕು, ಅದಕ್ಕೆ ನೊರಜನ್ನು ದೂರಬೇಕಿಲ್ಲ. ಆನೆಕಾಲು, ಡೆಂಗ್ಯೂ ಎರಡೂ ಸೊಳ್ಳೆಯ ಕೆಲಸ.

ಬೇರೆ ದೇಶಗಳಲ್ಲಿ ಪರಿಸ್ಥಿತಿ ಬೇರೆ. ಆಫ್ರಿಕಾ, ದಕ್ಷಿಣ ಅಮೆರಿಕದಲ್ಲಿ ನೊರಜು ಮನುಷ್ಯರಿಗೆ ಮ್ಯಾನ್ಸೊನೆಲ್ಲಾ ಎಂಬ ದಾರಹುಳವನ್ನು ಅಂಟಿಸುತ್ತದೆ. ಓರೊಪುಚೆ ಎಂಬ ಜ್ವರ ಇದೆ, 1955ರಲ್ಲಿ ಟ್ರಿನಿಡಾಡ್‌ನಲ್ಲಿ ಪತ್ತೆಯಾದದ್ದು. 2024ರಲ್ಲಿ ಬ್ರೆಜಿಲ್, ಕ್ಯೂಬಾ ಕಡೆ ಜೋರಾಗಿ ಹಬ್ಬಿತು. ಅದನ್ನು ಹರಡುವ ನೊರಜು ಕೊಳೆತ ಬಾಳೆ ದಿಂಡು, ಕೋಕೋ ಸಿಪ್ಪೆಯ ರಾಶಿಯಲ್ಲಿ ಹುಟ್ಟುತ್ತದಂತೆ. ಅದನ್ನು ಓದಿದಾಗ ನನಗೆ ಅಕ್ಕನ ತೋಟವೇ ಕಣ್ಣಿಗೆ ಬಂತು.

ಕಾಟ ಕಮ್ಮಿ ಮಾಡಲು ಏನು ಮಾಡಬೇಕು?

ಮೊದಲ ಕೆಲಸ ಗುದ್ದಲಿಯದು. ಕೊಟ್ಟಿಗೆಯ ಸುತ್ತ ಒಂದು ಸುತ್ತು ಹಾಕಿ. ಕಾಲಿಟ್ಟರೆ ಪಚಕ್ ಅನ್ನುವ ಜಾಗವನ್ನೆಲ್ಲ ಗುರುತು ಮಾಡಿ. ಗಂಜಲಕ್ಕೆ ಇಳಿಜಾರು ಕೊಟ್ಟು ಗುಂಡಿಗೆ ಸೇರಿಸಿ, ಗುಂಡಿಗೆ ಮುಚ್ಚಳ ಮಾಡಿ. ನೀರಿನ ತೊಟ್ಟಿಯ ಸುತ್ತ ಜಲ್ಲಿ ಹಾಕಿ. ತಿಪ್ಪೆಯನ್ನು ಕೊಟ್ಟಿಗೆಯಿಂದ ಆದಷ್ಟು ದೂರ ಹಾಕಿ, ಮೇಲೆ ಟಾರ್ಪಾಲು ಮುಚ್ಚಿ. ಮುಚ್ಚಿದ ತಿಪ್ಪೆ ಒಳಗೇ ಬಿಸಿಯಾಗುತ್ತದೆ, ಮರಿ ಉಳಿಯುವುದಿಲ್ಲ, ಗೊಬ್ಬರವೂ ಚೆನ್ನಾಗಿ ಕಳಿಯುತ್ತದೆ. ಬಾಳೆ ದಿಂಡನ್ನು ಸೀಳಿ ಬಿಸಿಲಿಗೆ ಹರಡಿ. ನಮ್ಮ ಕೊಟ್ಟಿಗೆ ಹಿಂದಿನ ಕೆಸರಿಗೆ ನಾವು ಮಾಡಿದ್ದು ಒಂದು ಮೋರಿ, ಎರಡು ಗಾಡಿ ಜಲ್ಲಿ, ಅಷ್ಟೇ. ಮುಂದಿನ ಮಳೆಗಾಲದಲ್ಲಿ ಹಸುಗಳು ಸಂಜೆ ಬಾಲ ಬೀಸುವುದು ಕಣ್ಣಿಗೆ ಕಾಣುವಷ್ಟು ಕಮ್ಮಿಯಾಯಿತು.

ಎರಡನೆಯದು ಹೊತ್ತು. ನೊರಜು ಮುತ್ತುವುದು ಮುಖ್ಯವಾಗಿ ಸಂಜೆ ಸೂರ್ಯ ಮುಳುಗುವಾಗ, ಮತ್ತೆ ನಸುಕಿನಲ್ಲಿ. ಕುರಿಯನ್ನು ಸ್ವಲ್ಪ ಬೇಗ ಒಳಗೆ ಕೂಡಿ, ಬೆಳಿಗ್ಗೆ ಬಿಸಿಲು ಬಂದ ಮೇಲೆ ಬಿಡಿ.

ಮೂರನೆಯದು ಗಾಳಿ. ಇದರ ರೆಕ್ಕೆ ವೇಗದಲ್ಲಿ ದಾಖಲೆ ಮಾಡಿದೆ. ಈ ಕುಟುಂಬದ ಒಂದು ಬಗೆ ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ರೆಕ್ಕೆ ಬಡಿಯುತ್ತದೆ. ಆದರೂ ಮೈ ಹಗುರವಾದ್ದರಿಂದ ಜೋರು ಗಾಳಿಗೆ ಎದುರು ಹಾರಲಾರದು. ಕೊಟ್ಟಿಗೆಯಲ್ಲಿ ಒಂದು ಫ್ಯಾನ್ ಹಾಕಿದರೆ ಪರದೆಗಿಂತ ಉಪಯೋಗ. ಅದೇ ಹಗುರ ಮೈಯಿಂದ ಇನ್ನೊಂದು ತೊಂದರೆಯೂ ಇದೆ. ಸುಮ್ಮನೆ ಹಾರಿದರೆ ಕೆಲವು ನೂರು ಮೀಟರ್ ಹೋಗುವ ಹುಳ, ಗಾಳಿಗೆ ಸಿಕ್ಕರೆ ಹತ್ತಾರು ಕಿಲೋಮೀಟರ್ ತೇಲಿ ಹೋಗುತ್ತದೆ. ನಮ್ಮ ಮಂದೆ ಎಲ್ಲೂ ಹೋಗಿಲ್ಲ, ರೋಗ ಹೇಗೆ ಬಂತು ಅಂತ ಕೇಳುವವರಿಗೆ ಇದು ಉತ್ತರ.

ಬೇವಿನ ಸೊಪ್ಪಿನ ಹೊಗೆ ಹಾಕಿದಷ್ಟು ಹೊತ್ತು ಕೆಲಸ ಮಾಡುತ್ತದೆ. ಆದರೆ ಬಾಗಿಲು ಮುಚ್ಚಿ ಹಾಕಬೇಡಿ, ಕುರಿಗೆ ಉಸಿರು ಕಟ್ಟುತ್ತದೆ. ಬೇವಿನೆಣ್ಣೆ ಸವರಿದರೆ ಕೆಲವು ಗಂಟೆ ತಡೆಯಬಹುದು. ಡೆಲ್ಟಾಮೆಥ್ರಿನ್‌ನಂಥ ಔಷಧಿಯನ್ನು ಪ್ರಾಣಿಯ ಮೈಗೆ ಹಾಕುವುದಾದರೆ ಅಳತೆಯನ್ನು ಡಾಕ್ಟರೇ ಹೇಳಬೇಕು. ಕೈಕಾಲು ಮುಚ್ಚುವ ಬಟ್ಟೆ, ಡೀಟ್ ಇರುವ ಕ್ರೀಮು ನಮಗೆ ಸಾಕು.

ಇವನ್ನು ಪೂರ್ತಿ ನಾಶ ಮಾಡಿಬಿಡಲು ಆಗುವುದಿಲ್ಲವಾ?

ಆಗುವುದಿಲ್ಲ, ಮಾಡಲೂ ಬಾರದು. ಈ ಕುಟುಂಬದಲ್ಲಿ ಆರು ಸಾವಿರಕ್ಕೂ ಹೆಚ್ಚು ಜಾತಿಗಳಿವೆ, ಹೆಚ್ಚಿನವು ನಮ್ಮ ತಂಟೆಗೆ ಬರುವುದಿಲ್ಲ. ಅಡಿಕೆ ತೋಟದ ನಡುವೆ ಕೋಕೋ ಹಾಕಿರುವವರು ಕೇಳಿ. ಕೋಕೋ ಹೂವು ಎಷ್ಟು ಚಿಕ್ಕದು, ಎಷ್ಟು ಮಡಿಕೆ ಮಡಿಕೆ ಅಂದರೆ ಜೇನು ಅದರೊಳಗೆ ಸರಿಯಾಗಿ ಹೋಗಲಾರದು. ಪರಾಗ ಸಾಗಿಸುವುದು ಮುಖ್ಯವಾಗಿ ನೊರಜಿನ ಇನ್ನೊಂದು ಬಳಗ, ಫಾರ್ಸಿಪೋಮಿಯಾ. ಅವೂ ತೋಟದ ಕೊಳೆತ ಎಲೆ, ಬಾಳೆ ದಿಂಡಿನಲ್ಲೇ ಹುಟ್ಟುತ್ತವೆ. ಹಾಗಾಗಿ ಕೋಕೋ ತೋಟದ ತರಗೆಲೆ ಇರಲಿ, ಕೊಟ್ಟಿಗೆ ಪಕ್ಕದ ಕೆಸರು ಹೋಗಲಿ. ತೋಟಕ್ಕೆಲ್ಲ ಔಷಧಿ ಹೊಡೆಯುವ ಯೋಚನೆ ಬೇಡ.

ಯಾವಾಗ ಫೋನ್ ಮಾಡಬೇಕು? ಏನು ಹೇಳಬೇಕು?

ಒಂದು ಕುರಿಗೆ ಜ್ವರ ಬಂದು ತುಟಿ ಊದಿದ ದಿನವೇ ಮಾಡಿ, ಎರಡನೆಯದು ಬೀಳುವ ತನಕ ಕಾಯಬೇಡಿ. ಪಶು ಸಂಜೀವಿನಿ ಆಂಬುಲೆನ್ಸಿನ ನಂಬರು 1962, ದುಡ್ಡು ಬೀಳುವುದಿಲ್ಲ. ಎಷ್ಟು ಕುರಿ ಇವೆ, ಎಷ್ಟಕ್ಕೆ ಬಂದಿದೆ, ಎಂದಿನಿಂದ, ಪಕ್ಕದ ದನ ಮೇಕೆ ಹೇಗಿವೆ, ಲಸಿಕೆ ಹಾಕಿಸಿದ್ದು ಯಾವಾಗ, ಹೊಸ ಕುರಿ ತಂದಿದ್ದೀರಾ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಮಾತಾಡಿ. ರಕ್ತದ ಮಾದರಿ ತೆಗೆಯಲು ಕೇಳಿದರೆ ಬೇಡ ಅನ್ನಬೇಡಿ. ಜ್ವರ ಇರುವಾಗ ತೆಗೆದ ರಕ್ತದಲ್ಲೇ ವೈರಸ್ ಸುಲಭವಾಗಿ ಸಿಗುವುದು, ಯಾವ ಬಗೆಯ ವೈರಸ್ ಬಂದಿದೆ ಅಂತ ಗೊತ್ತಾಗುವುದೂ ಅದರಿಂದಲೇ. ಕುರಿ ಆಗಲೇ ಸತ್ತಿದ್ದರೆ ಹೂಳುವ ಮೊದಲು ಡಾಕ್ಟರಿಗೆ ತೋರಿಸಿ. ನಾವು ಮೊದಲ ಮೂರನ್ನು ತೋರಿಸದೇ ಹೂತಿದ್ದೆವು.